ರಿಪೇರಿಯ ರಿಪೇರಿ: ನೆಲಮಾಳಿಗೆಯಲ್ಲಿ ಹಳೆಯ ಪಿನ್‌ಬಾಲ್ ಯಂತ್ರಗಳು

ಮಾನ್ಯ ಅಧ್ಯಕ್ಷರೇ, ಕನ್ನಡ ಬಂಧುಗಳೇ,

ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಸಣ್ಣದೊಂದು ಅಂಜಿಕೆ ಹುಟ್ಟುತ್ತದೆ. ನಮ್ಮ ಕಡೆ ಎಷ್ಟೋ ಹಳೆಯ ದೇವಸ್ಥಾನಗಳಲ್ಲಿ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ಮುಕ್ಕಾದ ಶಿಲ್ಪಕ್ಕೆ ಸಿಮೆಂಟು ಮೆತ್ತಿರುವುದನ್ನು ನೀವೂ ಕಂಡಿದ್ದೀರಿ; ಹಾಗೆ ಮಾಡಿದವರಿಗೆ ಭಕ್ತಿಯ ಕೊರತೆಯೇನೂ ಇರಲಿಲ್ಲ. ಇಂದು ನಾನು ಮಾತನಾಡಲಿರುವುದು ದೇವಸ್ಥಾನದ ಬಗ್ಗೆಯಲ್ಲ, ಅಮೆರಿಕದ ಬಾರುಗಳಲ್ಲಿ ನಾಣ್ಯ ನುಂಗುತ್ತಿದ್ದ ಪಿನ್‌ಬಾಲ್ ಯಂತ್ರಗಳ ಬಗ್ಗೆ. ಆದರೂ ಷಿಕಾಗೋದ ಹೊರವಲಯದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಈ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಬಂದಿರುವ ನನಗೆ ಆ ಎಣ್ಣೆಬಣ್ಣದ ಕಂಬಗಳು ಪದೇಪದೇ ನೆನಪಾಗುತ್ತವೆ. ಏಕೆಂದರೆ ನನ್ನ ಕೈಗೆ ಬಂದ ಯಂತ್ರಗಳ ಕಾಯಿಲೆಗಳಲ್ಲಿ ಬಹುಪಾಲು ಮುಪ್ಪಿನಿಂದ ಬಂದವಲ್ಲ, ಹಿಂದೆ ಯಾರೋ ಮಾಡಿದ ರಿಪೇರಿಯಿಂದ ಬಂದವು.

ನಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ಪಿನ್‌ಬಾಲಿನ ಪೂರ್ವಜನಾದ ಬ್ಯಾಗಟೆಲ್ ಆಡಿರಬಹುದು. ಮರದ ಹಲಗೆ, ಅದರ ತುಂಬ ಸಣ್ಣ ಮೊಳೆಗಳು, ಬದಿಯಲ್ಲಿ ಸ್ಪ್ರಿಂಗ್ ಹಾಕಿದ ಕಡ್ಡಿ. ಆ ಸ್ಪ್ರಿಂಗ್ ಕಡ್ಡಿ ಸೇರಿದಂತೆ ಬ್ಯಾಗಟೆಲ್ಲಿನ ಸುಧಾರಣೆಗಳಿಗೆ 1871ರಲ್ಲಿ ಪೇಟೆಂಟ್ ಪಡೆದವನು ಸಿನ್ಸಿನಾಟಿಯ ಮಾಂಟೆಗ್ಯೂ ರೆಡ್‌ಗ್ರೇವ್. 1931ರಲ್ಲಿ ಡೇವಿಡ್ ಗಾಟ್‌ಲೀಬ್ ಷಿಕಾಗೋದಲ್ಲಿ 'ಬ್ಯಾಫಲ್ ಬಾಲ್' ಎಂಬ ಮೇಜಿನ ಮೇಲಿಡುವ ಆಟವನ್ನು ಹೊರತಂದ ಮೇಲೆ ಇದು ಉದ್ಯಮವಾಯಿತು. ಅದೇ ಸಂಸ್ಥೆಯ 1947ರ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ ಮೊದಲ ಬಾರಿಗೆ ವಿದ್ಯುತ್ತಿನ ಫ್ಲಿಪ್ಪರುಗಳು, ಅಂದರೆ ಗುಂಡಿ ಒತ್ತಿದಾಗ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಸಣ್ಣ ತೋಳುಗಳು, ಬಂದವು. ಅಲ್ಲಿಯವರೆಗೆ ಗುಂಡನ್ನು ಚಿಮ್ಮಿಸಿದ ಮೇಲೆ ಆಟಗಾರನಿಗೆ ಉಳಿಯುತ್ತಿದ್ದುದು ಯಂತ್ರವನ್ನು ಅಲುಗಿಸುವ ಕೆಲಸ ಮಾತ್ರ. ಇದು ಜೂಜು ಎಂಬ ಕಾರಣಕ್ಕೆ ನ್ಯೂಯಾರ್ಕ್ ನಗರ 1942ರಿಂದ 1976ರವರೆಗೆ ಪಿನ್‌ಬಾಲನ್ನು ನಿಷೇಧಿಸಿತ್ತು. ಇತಿಹಾಸ ಇನ್ನೂ ಇದೆ, ನಾನು ಯಂತ್ರದ ಒಳಗೆ ಹೋಗುತ್ತೇನೆ.

1970ರ ದಶಕದ ಉತ್ತರಾರ್ಧದಲ್ಲಿ ಮೈಕ್ರೊಪ್ರೊಸೆಸರ್ ಕಾಲಿಡುವವರೆಗೆ ಈ ಯಂತ್ರಗಳಿಗೆ ಮೆದುಳೆಂಬುದು ಬೇರೆಯಾಗಿ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಸಾಲಾಗಿ ಕುಳಿತ, ವಿದ್ಯುತ್ತಿನಿಂದ ಸ್ವಿಚ್ಚುಗಳನ್ನು ಎಳೆಯುವ ರಿಲೇಗಳು, ಹಲ್ಲುಚಕ್ರದ ಮೇಲೆ ಒಂದೊಂದೇ ಹೆಜ್ಜೆ ಮುಂದುವರಿಯುವ ಸ್ಟೆಪ್ಪರುಗಳು, ಸುತ್ತುತ್ತ ಸ್ವಿಚ್ಚುಗಳನ್ನು ಕ್ರಮವಾಗಿ ಒತ್ತುವ ಒಂದು ಸ್ಕೋರ್ ಮೋಟರ್, ಇವುಗಳ ನಡುವೆ ಬಟ್ಟೆಯ ಹೊದಿಕೆಯ ಬಣ್ಣಬಣ್ಣದ ತಂತಿಗಳ ಜಡೆ. ಆಟದ ನಿಯಮಗಳೆಲ್ಲ ಇಷ್ಟರಲ್ಲೇ ಅಡಗಿರುತ್ತವೆ. ಗುಂಡು ಐವತ್ತು ಅಂಕದ ಗುರಿಗೆ ಬಡಿದಾಗ ಟಕ್ ಟಕ್ ಎಂದು ಐದು ಸಲ ಸದ್ದಾಗುವುದನ್ನು ಕೇಳಿದವರಿದ್ದೀರಿ. ಯಂತ್ರಕ್ಕೆ ಐವತ್ತು ಎಂಬ ಸಂಖ್ಯೆಯೇ ಗೊತ್ತಿಲ್ಲ. ಮೋಟರು ಸುತ್ತುತ್ತ ಹತ್ತರ ರಿಲೇಯನ್ನು ಐದು ಬಾರಿ ಎಳೆಯುತ್ತದೆ, ಅಷ್ಟೇ. ಬೇರೆ ಯಾವ ಯಂತ್ರದಲ್ಲೂ ಲೆಕ್ಕ ಹಾಕುವ ಕೆಲಸ ಹೀಗೆ ಕಣ್ಣಿಗೆ ಕಂಡದ್ದು ನನಗೆ ನೆನಪಿಲ್ಲ.

ನಾನು ಮೊದಲು ಕೊಂಡ ಯಂತ್ರ ಇಂಥದ್ದು, ಒಬ್ಬರೇ ಆಡುವಂಥದ್ದು. ಸ್ಟಾರ್ಟ್ ಗುಂಡಿ ಒತ್ತಿದರೆ ಮೋಟರು ಸುತ್ತತೊಡಗಿ ನಿಲ್ಲುತ್ತಲೇ ಇರಲಿಲ್ಲ. ಮೋಟರು ನಿಲ್ಲದ ಮೇಲೆ ದೋಷ ಮೋಟರಿನದೇ ಎಂದು ತೀರ್ಮಾನಿಸಿ ಮೂರು ವಾರಾಂತ್ಯಗಳನ್ನು ಅದನ್ನು ಬಿಚ್ಚುವುದರಲ್ಲಿ, ಅದರ ಸ್ವಿಚ್ಚುಗಳನ್ನು ಬಗ್ಗಿಸುವುದರಲ್ಲಿ ಕಳೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಕೊನೆಗೆ ಕಂದುಗಟ್ಟಿ ಮಡಿಕೆಗಳಲ್ಲಿ ಹರಿದುಹೋಗಿದ್ದ ಸರ್ಕ್ಯೂಟ್ ನಕ್ಷೆಯನ್ನು ನೆಲದ ಮೇಲೆ ಹರಡಿ, ಬೆರಳಿಟ್ಟುಕೊಂಡು ಓದಿದಾಗ ವಿಷಯ ತಿಳಿಯಿತು. ಹೊಸ ಆಟ ಶುರುವಾಗಬೇಕಾದರೆ ಅಂಕಗಳನ್ನು ತೋರಿಸುವ ಪ್ರತಿಯೊಂದು ಚಕ್ರವೂ ಸೊನ್ನೆಗೆ ಮರಳಬೇಕು. ಸೊನ್ನೆಗೆ ಬಂದ ಚಕ್ರ ತನ್ನದೊಂದು ಸ್ವಿಚ್ಚನ್ನು ತೆರೆದು 'ನನ್ನದಾಯಿತು' ಎಂದು ತಿಳಿಸುತ್ತದೆ. ಎಲ್ಲ ಚಕ್ರಗಳೂ ಹಾಗೆ ತಿಳಿಸುವವರೆಗೆ ಮೋಟರು ಸುತ್ತುತ್ತಲೇ ಇರುವುದು ಅದರ ಕರ್ತವ್ಯ. ನನ್ನ ಯಂತ್ರದ ಸಾವಿರದ ಸ್ಥಾನದ ಚಕ್ರ ಏಳರ ಮೇಲೆ ಕಚ್ಚಿಕೊಂಡಿತ್ತು. ಯಾರೋ ಅದಕ್ಕೆ ಎಣ್ಣೆ ಬಿಟ್ಟಿದ್ದರು; ಆ ಎಣ್ಣೆ ವರ್ಷಗಳ ದೂಳಿನೊಂದಿಗೆ ಬೆರೆತು ಹಲಸಿನ ಮೇಣದಂತೆ ಅಂಟಾಗಿತ್ತು. ಚಕ್ರವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ ಕೂರಿಸಲು ನಲವತ್ತು ನಿಮಿಷ ಸಾಕಾಯಿತು. ಆ ಮೂರು ವಾರ ನಾನು ಬಗ್ಗಿಸಿದ್ದ ಸ್ವಿಚ್ಚುಗಳನ್ನು ಸರಿಪಡಿಸಲು ಮತ್ತೊಂದು ತಿಂಗಳು ಹಿಡಿಯಿತು. ಅಂದರೆ ಆ ಯಂತ್ರದ 'ಹಿಂದಿನ ರಿಪೇರಿಗಾರ'ರಲ್ಲಿ ನಾನೂ ಒಬ್ಬ.

ಎಣ್ಣೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡುತ್ತೇನೆ. ಕೀರಲು ಸದ್ದು ಕೇಳಿದರೆ ಎಣ್ಣೆ ಬಿಡುವುದು ಹೊಲಿಗೆ ಯಂತ್ರ ಕಂಡ ಮನೆಯ ಸಂಸ್ಕಾರ. ಆದರೆ ಪಿನ್‌ಬಾಲ್ ಯಂತ್ರದ ಕಾಯಿಲ್‌ಗಳ, ಅಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿಗಳ, ಒಳಗೆ ಪ್ಲಂಜರ್ ಎಂಬ ಕಬ್ಬಿಣದ ಕಡ್ಡಿ ಓಡಾಡುವುದು ಒಣಗಿರುವ ಕೊಳವೆಯಲ್ಲಿ. ಎಣ್ಣೆ ಬಿಟ್ಟರೆ ಅದು ಮೊದಲ ವಾರ ಹಗುರಾಗಿ ಓಡಿ ಆಮೇಲೆ ಶಾಶ್ವತವಾಗಿ ನಿಧಾನವಾಗುತ್ತದೆ. ಹಳೆಯ ಕೊಳವೆಯನ್ನು ಎಸೆದು ಕೆಲವು ಸೆಂಟುಗಳ ಹೊಸ ನೈಲಾನ್ ಕೊಳವೆ ಹಾಕುವುದೇ ಸರಿಯಾದ ಚಿಕಿತ್ಸೆ. ಸ್ವಿಚ್ಚುಗಳ ಕತೆಯೂ ಇದೇ. ಕಡಿಮೆ ವಿದ್ಯುತ್ತಿನ ಸ್ವಿಚ್ಚುಗಳ ಮೊನೆಗಳು ಬೆಳ್ಳಿಯವು, ಅವನ್ನು ಅತಿ ನಯವಾದ ಪಟ್ಟಿಯಿಂದ ಎರಡು ಸಲ ಸವರಿದರೆ ಸಾಕು, ಒರಟು ಅರದಿಂದ ಉಜ್ಜಿದರೆ ಬೆಳ್ಳಿಯೇ ಹೋಗುತ್ತದೆ. ಹೆಚ್ಚು ವಿದ್ಯುತ್ತು ಹರಿಯುವ ಫ್ಲಿಪ್ಪರಿನ ಸ್ವಿಚ್ಚುಗಳು ಟಂಗ್‌ಸ್ಟನ್‌ನವು, ಅವುಗಳಿಗೆ ಲೋಹದ ಅರವೇ ಬೇಕು.

ಫ್ಲಿಪ್ಪರಿನ ಕಾಯಿಲ್‌ನಲ್ಲಿ ವಾಸ್ತವವಾಗಿ ಎರಡು ಸುತ್ತುಗಳಿರುತ್ತವೆ: ದಪ್ಪ ತಂತಿಯದು ಜೋರಾಗಿ ಎಳೆಯಲು, ತೆಳು ತಂತಿಯದು ಎಳೆದದ್ದನ್ನು ಹಿಡಿದಿಡಲು. ಫ್ಲಿಪ್ಪರ್ ಪೂರ್ತಿ ಮೇಲೆದ್ದಾಗ ಅದರ ಬುಡದ ಸಣ್ಣ ಸ್ವಿಚ್ಚೊಂದು ತೆರೆದುಕೊಂಡು ತೆಳು ಸುತ್ತನ್ನೂ ಹಾದಿಗೆ ಸೇರಿಸುತ್ತದೆ, ವಿದ್ಯುತ್ತು ತಗ್ಗುತ್ತದೆ. ಆ ಸ್ವಿಚ್ಚು ತೆರೆಯದಿದ್ದರೆ, ಗುಂಡಿಯನ್ನು ಒತ್ತಿಹಿಡಿದು ಯೋಚಿಸುತ್ತ ನಿಂತ ಆಟಗಾರನ ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ. ಸುಟ್ಟ ಕಾಯಿಲ್ ಬದಲಾಯಿಸಿ ಆ ಸ್ವಿಚ್ಚನ್ನು ಹಾಗೆಯೇ ಬಿಟ್ಟ ಯಂತ್ರಗಳು ನನಗೆ ಎರಡು ಸಿಕ್ಕಿವೆ.

ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವ ವಿದ್ಯೆ ನಮ್ಮ ದೇಶದ್ದು ಮಾತ್ರ ಎಂದು ನಾನು ತಿಳಿದಿದ್ದೆ. ಇಲ್ಲಿಯವರು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುತ್ತಿದ್ದರು. ಆದರೆ ಅವರನ್ನು ಬೈಯುವ ಮುನ್ನ ಒಂದು ಮಾತು ಹೇಳಬೇಕು. ಈ ಯಂತ್ರಗಳು ಕೆಲವೇ ವರ್ಷ ದುಡಿದು ಮೂಲೆ ಸೇರಲೆಂದು ತಯಾರಾದವು. ಶನಿವಾರ ಸಂಜೆ ಬಾರಿನವನ ಫೋನು ಬಂದಾಗ ಟಾರ್ಚು ಹಿಡಿದು ಓಡಿದ ಮೆಕ್ಯಾನಿಕ್ಕಿಗೆ ಬೇಕಾಗಿದ್ದದ್ದು ರಾತ್ರಿಯ ಕಲೆಕ್ಷನ್, ಐವತ್ತು ವರ್ಷ ಆದ ಮೇಲೆ ಯಾರದೋ ನೆಲಮಾಳಿಗೆಯಲ್ಲಿ ಅದು ಹೇಗಿರುತ್ತದೆ ಎಂಬುದಲ್ಲ. ಅವನ ಕೆಲಸ ಅವನ ಕಾಲಕ್ಕೆ ಸರಿಯಾಗಿಯೇ ಇತ್ತು. ಬೇಕಾದಷ್ಟು ಸಮಯವಿದ್ದೂ ಅದೇ ತಪ್ಪು ಮಾಡುವ ನಮ್ಮಂಥವರಿಗೆ ಆ ನೆಪ ಇಲ್ಲ.

1977ರ ಆಸುಪಾಸಿನಿಂದ ಬಂದ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ದಾಖಲೆಯ ಅಂಕಗಳನ್ನು ನೆನಪಿಡಲು ಬೋರ್ಡಿನ ಮೇಲೆಯೇ ಕೂರಿಸಿದ ಬ್ಯಾಟರಿ ಸೋರಿದರೆ ಅದರ ಕ್ಷಾರ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ನೀರು ಬೆರೆಸಿದ ವಿನೆಗರ್‌ನಿಂದ ಕ್ಷಾರವನ್ನು ಕೊಂದು, ತೊಳೆದು, ಸ್ಪಿರಿಟ್ಟಿನಿಂದ ಒಣಗಿಸಿ, ಹೊಸ ಬ್ಯಾಟರಿಯನ್ನು ತಂತಿ ಎಳೆದು ಬೋರ್ಡಿನಿಂದ ದೂರ, ಕೆಳಗಡೆ ಇಡಬೇಕು. ಅಂಕ ತೋರಿಸುವ ಕಿತ್ತಳೆ ಬಣ್ಣದ ಡಿಸ್‌ಪ್ಲೇಗಳಿಗೆ 170 ವೋಲ್ಟಿಗೂ ಮೇಲೆ ಹರಿಯುವ ಯಂತ್ರಗಳಿವೆ. ಪ್ಲಗ್ ಕಿತ್ತು ಸ್ವಲ್ಪ ಕಾಯದೆ, ಯಂತ್ರದ ಹಿಂತುದಿಯಲ್ಲಿ ನೆಟ್ಟಗೆ ನಿಂತ ತಲೆಪೆಟ್ಟಿಗೆಯೊಳಗೆ ಕೈ ಹಾಕಬಾರದು.

ಈಗ ಚಿತ್ರಗಳ ವಿಷಯ. ನನ್ನ ಮಟ್ಟಿಗೆ ಕಷ್ಟದ ಭಾಗ ಇದೇ. ಆಟದ ಹಲಗೆ ಎಂದರೆ ಪ್ಲೈವುಡ್, ಅದರ ಮೇಲೆ ರೇಷ್ಮೆ ಪರದೆಯ ಮುದ್ರಣ, ಅದರ ಮೇಲೆ ಲ್ಯಾಕರ್ ಎಂಬ ತೆಳುವಾದ ಪಾರದರ್ಶಕ ಲೇಪ. ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಈ ಮೂರರ ಮೇಲೆ ಲಕ್ಷಾಂತರ ಸಲ ಉರುಳಿರುತ್ತದೆ. ಒದ್ದೆ ಬಟ್ಟೆ ಹಾಕಿದರೆ ಬಿರುಕುಗಳಲ್ಲಿ ನೀರಿಳಿದು ಮರ ಉಬ್ಬುತ್ತದೆ. ಗೋಡೆಯ ಕಲೆ ತೆಗೆಯುವ ಮ್ಯಾಜಿಕ್ ಸ್ಪಂಜಿಗೆ ಸ್ಪಿರಿಟ್ ಹಾಕಿ ಉಜ್ಜಿದರೆ ಕೊಳೆ ಅದ್ಭುತವಾಗಿ ಹೋಗುತ್ತದೆ, ಲ್ಯಾಕರ್ ಕೂಡ ಹೋಗುತ್ತದೆ. ಬಟ್ಟೆಗೆ ಹಳದಿ, ಕೆಂಪು ಬಣ್ಣ ಹತ್ತಲಾರಂಭಿಸಿದರೆ ನೀವು ಕೊಳೆಯನ್ನು ದಾಟಿ ಚಿತ್ರವನ್ನೇ ಒರೆಸುತ್ತಿದ್ದೀರಿ ಎಂದರ್ಥ. ತಲೆಪೆಟ್ಟಿಗೆಯ ಮುಖಕ್ಕಿರುವ ಚಿತ್ರದ ಗಾಜಿನ ಸ್ಥಿತಿ ಇನ್ನೂ ನಾಜೂಕು. ಚಿತ್ರ ಇರುವುದು ಗಾಜಿನ ಹಿಂಬದಿಯಲ್ಲಿ. ಬಲ್ಬುಗಳ ಕಾವಿಗೆ, ತೇವದ ಏರಿಳಿತಕ್ಕೆ ಅದು ಹಪ್ಪಳದಂತೆ ಎದ್ದಿರುತ್ತದೆ. ಹಿಂಬದಿಯನ್ನು ಒರೆಸಲೇಬಾರದು, ಮೆತ್ತನೆಯ ಬಟ್ಟೆಯಿಂದಲೂ ಕೂಡದು. 250 ಮಿಲಿಆಂಪ್ ಎಳೆಯುವ 44ನೇ ನಂಬರಿನ ಬಲ್ಬುಗಳ ಬದಲು 150 ಎಳೆಯುವ 47ನೇ ನಂಬರಿನವನ್ನು ಹಾಕಿದರೆ ಕಾವು ಇಳಿಯುತ್ತದೆ, ಬೆಳಕಿನ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಎಲ್‌ಇಡಿ ಹಾಕುವವರೂ ಇದ್ದಾರೆ, ಅದರ ಬಿಳಿ ಬೆಳಕಿನಲ್ಲಿ ಹಳೆಯ ಯಂತ್ರ ಔಷಧಿ ಅಂಗಡಿಯಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಲಗೆಯನ್ನು ಪೂರ್ತಿ ಉಜ್ಜಿ, ಹೊಸದಾಗಿ ಬಣ್ಣ ತುಂಬಿ, ಕಾರಿಗೆ ಬಳಸುವ ಪಾರದರ್ಶಕ ಲೇಪ ಹೊಡೆಯುವ ಪರಿಣತರ ಕೆಲಸ ಕನ್ನಡಿಯಂತೆ ಹೊಳೆಯುತ್ತದೆ. ತೀರಾ ಸವೆದ ಹಲಗೆಗೆ ಬೇರೆ ದಾರಿಯೂ ಇಲ್ಲ. ನಾನು ಮಾತ್ರ ಮರ ಕಾಣುವ ಕಡೆ ಚುಕ್ಕೆ ಚುಕ್ಕೆಯಾಗಿ ಅಕ್ರಿಲಿಕ್ ಬಣ್ಣ ತುಂಬಿ, ಮೇಣ ಹಚ್ಚಿ ನಿಲ್ಲಿಸುತ್ತೇನೆ. ಅದನ್ನು ಮುಂದೆ ಯಾರಾದರೂ ಅಳಿಸಬಹುದು.

ಬಿಚ್ಚಿದ ಪ್ರತಿ ಯಂತ್ರದ ತಳದಲ್ಲಿ ನಾನೊಂದು ಲಕೋಟೆ ಇಡುತ್ತೇನೆ. ಬಿಚ್ಚುವ ಮುನ್ನ ತೆಗೆದ ಫೋಟೊಗಳು, ಬದಲಾಯಿಸಿದ ಭಾಗಗಳು, ಹಾಕಿದ ಫ್ಯೂಸಿನ ಆಂಪ್ ಅದರಲ್ಲಿರುತ್ತವೆ. ಆ ಮೊದಲ ಯಂತ್ರದ ಚೀಟಿಯ ಕೊನೆಯ ಸಾಲು ಹೀಗಿದೆ: 'ಎಡಗಡೆಯ ಬಂಪರಿನ ರಿಲೇ ಬೇಸಿಗೆಯ ಸೆಕೆಯಲ್ಲಿ ಒಮ್ಮೊಮ್ಮೆ ತಡವರಿಸುತ್ತದೆ. ಕಾರಣ ತಿಳಿಯಲಿಲ್ಲ. ಮುಟ್ಟಿಲ್ಲ.'