ಟಿಸಿಯ ನಿಜವಾದ ವಯಸ್ಸು

ಶಿರಾ, ಮಧುಗಿರಿ, ಪಾವಗಡ ಕಡೆಯಿಂದ ತುಮಕೂರಿಗೆ ಬಂದಿರುವ ಲೈನ್‌ಮನ್ ಮಿತ್ರರಿಗೂ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ನಮಸ್ಕಾರ.

ಟಿಸಿಯ, ಅಂದರೆ ಕರೆಂಟ್ ಕಂಬದ ಟ್ರಾನ್ಸ್‌ಫಾರ್ಮರಿನ, ವಯಸ್ಸನ್ನು ನಾವು ನೇಮ್‌ಪ್ಲೇಟಿನ ಇಸವಿ ನೋಡಿ ಹೇಳುತ್ತೇವೆ. ಆದರೆ ಒಂದೇ ಫ್ಯಾಕ್ಟರಿಯಿಂದ ಒಂದೇ ವರ್ಷ ಬಂದ ಎರಡು 63 ಕೆವಿಎ ಟಿಸಿಗಳಲ್ಲಿ ಒಂದನ್ನು ಊರಿನ ಮನೆಗಳಿಗೆ, ಇನ್ನೊಂದನ್ನು ಬೋರ್‌ವೆಲ್‌ಗಳಿಗೆ ಹಾಕಿ ನೋಡಿ. ಹತ್ತು ವರ್ಷಕ್ಕೆ ಅವು ಓರಗೆಯವಾಗಿ ಉಳಿದಿರುವುದಿಲ್ಲ.

ಒಳಗೆ ಮುದಿಯಾಗುವುದು ಕಾಯಿಲ್‌ಗೆ ಸುತ್ತಿದ ಕಾಗದ. ಕಾಯಿಲ್ ಮುಳುಗಿರುವ ಆಯಿಲನ್ನು ಸೋಸಬಹುದು, ಬದಲಿಸಬಹುದು. ಕಾಗದ ಹಪ್ಪಳದಂತಾದರೆ ಮುಗಿಯಿತು. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸುಮಾರು 1000 ಕೊಂಡಿಗಳಿರುತ್ತವೆ. ಅದು 200ಕ್ಕೆ ಇಳಿದರೆ ಆಯುಸ್ಸು ತೀರಿತೆಂದೇ ಲೆಕ್ಕ. ಆಮೇಲೆ ಲೈನಿನಲ್ಲಿ ಒಂದು ಶಾರ್ಟ್ ಆದರೆ ಸಾಕು, ಆ ಹೊಡೆತಕ್ಕೆ ಬಿರಿಯುತ್ತದೆ.

ಕಾಗದವನ್ನು ತಿನ್ನುವುದು ಬಿಸಿ. ಐಇಸಿ 60076-7 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮಾಮೂಲಿ ಕ್ರಾಫ್ಟ್ ಕಾಗದವಿದ್ದರೆ, ಕಾಯಿಲ್‌ನ ಅತಿ ಬಿಸಿಯಾದ ಜಾಗದಲ್ಲಿ 98 ಡಿಗ್ರಿ ಇದ್ದಾಗ ಒಂದು ಗಂಟೆ ಓಡಿದರೆ ಆಯುಸ್ಸಿನಲ್ಲಿ ಒಂದು ಗಂಟೆಯಷ್ಟೇ ಸವೆತ. ಅಲ್ಲಿಂದ 6 ಡಿಗ್ರಿ ಏರಿದಾಗಲೆಲ್ಲ ಸವೆತ ಇಮ್ಮಡಿ, 6 ಇಳಿದಾಗಲೆಲ್ಲ ಅರ್ಧ. ಕಾಯಿಲ್‌ನಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತಿಗೆ ನಷ್ಟ ಎನ್ನುತ್ತೇವೆ. ಅದು ಏರುವುದು ಕರೆಂಟಿನ ವರ್ಗಕ್ಕೆ (ಕರೆಂಟನ್ನು ಕರೆಂಟಿನಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ: ಕರೆಂಟು ಶೇ. 20 ಹೆಚ್ಚಿದರೆ ಕಾಯಿಲ್‌ನ ನಷ್ಟ ಶೇ. 44 ಹೆಚ್ಚುತ್ತದೆ.

ಈಗ ಹೊಲದ ಫೀಡರ್‌ಗೆ, ಅಂದರೆ ಬೋರ್‌ವೆಲ್‌ಗಳಿಗೆ ಕರೆಂಟ್ ತರುವ ಲೈನಿಗೆ, ಬನ್ನಿ. ದಿನಕ್ಕೆ 7 ಗಂಟೆ ತ್ರೀ ಫೇಸ್. ಕರೆಂಟ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಇರುವ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ಬಿಡುತ್ತವೆ. ಆ ಕೆಲವು ಸೆಕೆಂಡಿನ ಎಳೆತಕ್ಕೇ ಎಲ್ಲರೂ ಹೆದರುತ್ತಾರೆ. ಫ್ಯೂಸಿಗೆ ಅದು ಕಷ್ಟ ನಿಜ; ಆದರೆ ಆಯಿಲ್ ಬಿಸಿಯಾಗಲು ಗಂಟೆಗಳೇ ಬೇಕು, ಕಾಗದ ಸವೆಯುವುದು ಆಮೇಲಿನ ದೀರ್ಘ ಓಟದಲ್ಲಿ. ಆ 7 ಗಂಟೆ 110 ಡಿಗ್ರಿ, ಉಳಿದ 17 ಗಂಟೆ 50 ಡಿಗ್ರಿ ಎಂದಿಟ್ಟುಕೊಳ್ಳಿ. 110ರಲ್ಲಿ ಸವೆತ ನಾಲ್ಕು ಪಟ್ಟು, ಅಂದರೆ 28 ಗಂಟೆ. ಉಳಿದ ಹೊತ್ತಿನದು ಲೆಕ್ಕಕ್ಕೇ ಬಾರದು. ಒಂದು ದಿನ ಕಳೆಯುವಷ್ಟರಲ್ಲಿ ಟಿಸಿಗೆ ಒಂದು ದಿನಕ್ಕಿಂತ ಹೆಚ್ಚು ವಯಸ್ಸಾಯಿತು! ಅದೇ ದಿನದ ಸರಾಸರಿ ತೆಗೆದರೆ 67 ಡಿಗ್ರಿ ಚಿಲ್ಲರೆ. ಅದರ ಮೇಲೆ ಲೆಕ್ಕ ಹಾಕಿದರೆ ಸವೆತ ಒಂದು ಗಂಟೆಯೂ ಇಲ್ಲ. ಎರಡು ಬಿಸಿಗಳನ್ನೇ ಹಿಡಿದದ್ದು ತಿಳಿಯಲೆಂದು, ನಿಜದಲ್ಲಿ ಬಿಸಿ ನಿಧಾನವಾಗಿ ಏರಿ ಇಳಿಯುತ್ತದೆ. ಆದರೂ ತಿಂಗಳ ಯೂನಿಟ್ ನೋಡಿ ಟಿಸಿ ಆರಾಮಾಗಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅರ್ಧ ಗಂಟೆಗೊಮ್ಮೆಯ ರೀಡಿಂಗೇ ಬೇಕು.

ರಾತ್ರಿ ಗಾಳಿ 12 ಡಿಗ್ರಿ ತಂಪಾಗಿದ್ದರೆ ಅದೇ ಲೋಡಿಗೆ ಸವೆತ ಹೆಚ್ಚುಕಡಿಮೆ ಕಾಲು ಭಾಗ. ಹಾಗೆಂದು ರಾತ್ರಿಯೇ ಕರೆಂಟ್ ಕೊಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕತ್ತಲಲ್ಲಿ ಹಾವು-ಹುಳುಗಳ ನಡುವೆ ನೀರು ಹಾಯಿಸುವವರು ರೈತರು. ಅದಕ್ಕಿಂತ ಮೋಟಾರುಗಳಿಗೆ ಸರಿಯಾದ ಕೆಪಾಸಿಟರ್ ಹಾಕಿಸಿ. ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು ತೋರಿಸುವ ಪವರ್ ಫ್ಯಾಕ್ಟರ್ 0.7ರಿಂದ 0.9ಕ್ಕೆ ಬಂದರೆ, ಎತ್ತುವ ನೀರು ಅಷ್ಟೇ ಇದ್ದರೂ, ಎಳೆಯುವ ಕರೆಂಟು ಕಡಿಮೆಯಾಗಿ ಕಾಯಿಲ್‌ನ ನಷ್ಟ ಸುಮಾರು ಶೇ. 40 ಇಳಿಯುತ್ತದೆ.

ಆಯಿಲ್ ಕಳ್ಳತನ, ಸಿಡಿಲು ಇವು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ತೇವ ಸೇರಿದ ಕಾಗದವಂತೂ ಇನ್ನೂ ಬೇಗ ಹೋಗುತ್ತದೆ. ಬೋರ್ಡಿನ ಮೇಲೆ ಒಂದು ದಿನದ 48 ರೀಡಿಂಗ್ ಬರೆದಿದ್ದೇನೆ. ಪುಸ್ತಕ ತೆಗೆಯಿರಿ, ಮೊದಲ ನಾಲ್ಕು ಗಂಟೆಯದನ್ನು ಒಟ್ಟಿಗೇ ಮಾಡೋಣ.