ಫ್ಯೂಸ್ ಕಿತ್ತ ಇಲಿಗಳು

ಕೇಳುಗರಿಗೆ ನಮಸ್ಕಾರ.

ಹಳೇ ಮನೆಗೆ ಬಾಡಿಗೆಗೆ ಹೋದವರಿಗೆ ಈ ಪಾಡು ಗೊತ್ತಿರುತ್ತದೆ. ಮೀಟರಿನ ಪಕ್ಕ ಆರೇಳು ಫ್ಯೂಸ್ ಇರುತ್ತವೆ. ಯಾವುದು ಯಾವ ಕೋಣೆಯದು ಅಂತ ಪುಣ್ಯಾತ್ಮರು ಯಾರೂ ಬರೆದಿಟ್ಟಿರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಒಂದು ಫ್ಯೂಸ್ ಕೀಳುತ್ತಾನೆ. ‘ಅಡುಗೆಮನೆ ಲೈಟ್ ಹೋಯ್ತಾ ಅಮ್ಮಾ?’ ಅಂತ ಕೂಗುತ್ತಾನೆ. ‘ಇಲ್ಲಪ್ಪಾ, ಬಚ್ಚಲುಮನೇದು ಹೋಯ್ತು’ ಅಂತ ಒಳಗಿಂದ ಉತ್ತರ ಬರುತ್ತದೆ. ಸರಿ, ಆ ಫ್ಯೂಸ್ ಬಚ್ಚಲುಮನೆಯದು.

ನರಕೋಶಗಳು ಒಂದರ ಜೊತೆ ಒಂದು ಹೇಗೆ ಮಾತಾಡುತ್ತವೆ ಅನ್ನುವುದರಲ್ಲಿ ನಮಗೆ ಗೊತ್ತಿರುವ ಎಷ್ಟೋ ಸಂಗತಿ ಹೀಗೆಯೇ ಸಿಕ್ಕಿದ್ದು. ಕಿತ್ತದ್ದು ಜೀನ್‌ಗಳನ್ನು, ಕತ್ತಲಾದದ್ದು ಇಲಿಗಳಿಗೆ.

ಎರಡು ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಸಣ್ಣ ಸಂದು ಇರುತ್ತದೆ. ಎಷ್ಟು ಸಣ್ಣದು ಅಂದರೆ, ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲು. ಈ ಕಡೆಯ ಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಪುಟ್ಟ ಚೀಲಗಳಿರುತ್ತವೆ. ವಿದ್ಯುತ್ ಸಂಕೇತ ಬಂದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಚೀಲ ಅಂಚಿಗೆ ಬೆರೆತು ಬಾಯಿ ಬಿಡುತ್ತದೆ. ಒಳಗಿದ್ದದ್ದು ಸಂದಿಗೆ ಸುರಿಯುತ್ತದೆ, ಆ ಕಡೆಯ ಕೋಶ ಅದನ್ನು ಹಿಡಿಯುತ್ತದೆ. ಕ್ಯಾಲ್ಸಿಯಂ ಬಂದಮೇಲೆ ಚೀಲ ಬಾಯಿ ಬಿಡಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಿಲ್ಲ.

ಹಾಗಾದರೆ ಕ್ಯಾಲ್ಸಿಯಂ ಬಂತು ಅಂತ ಚೀಲಕ್ಕೆ ಹೇಳುವವರು ಯಾರು?

ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಸುಡೋಫ್ ಅವರಿಗೆ ಒಂದು ಪ್ರೋಟೀನಿನ ಮೇಲೆ ಅನುಮಾನವಿತ್ತು. ಅದರ ಹೆಸರು ಸಿನಾಪ್ಟೋಟ್ಯಾಗ್ಮಿನ್. ಚೀಲದ ಮೇಲೆಯೇ ಕೂತಿರುತ್ತದೆ, ಕ್ಯಾಲ್ಸಿಯಂ ಸಿಕ್ಕಿದರೆ ಹಿಡಿದುಕೊಳ್ಳುತ್ತದೆ. ಅನುಮಾನವೇನೋ ಸರಿ, ರುಜುವಾತು ಬೇಕಲ್ಲ? ಆ ಫ್ಯೂಸ್ ಇಲ್ಲದ ಇಲಿ, ಅಂದರೆ ಆ ಪ್ರೋಟೀನನ್ನು ಮಾಡಿಸುವ ಜೀನ್ ಕೆಟ್ಟ ಇಲಿ ಬೇಕಿತ್ತು.

ಅಂಥ ಇಲಿಯನ್ನು ಮಾಡುವುದು ತಾಳ್ಮೆಯ ಕೆಲಸ. ಇಲಿಯ ಎಳೆ ಭ್ರೂಣದಿಂದ ತೆಗೆದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಅವುಗಳಲ್ಲಿ ಒಳ್ಳೆಯ ಜೀನ್ ಇದ್ದ ಜಾಗಕ್ಕೆ ಕೆಡಿಸಿದ ಪ್ರತಿ ಕೂರಿಸುತ್ತಾರೆ. ಆ ಕೋಶಗಳು ಕಂದು ಇಲಿಯವು ಅಂದುಕೊಳ್ಳಿ. ಅವನ್ನು ಕಪ್ಪು ಇಲಿಯ ಭ್ರೂಣಕ್ಕೆ ಸೇರಿಸುತ್ತಾರೆ. ಹುಟ್ಟುವ ಮರಿಯ ಮೈ ಕಪ್ಪು–ಕಂದು ಮಚ್ಚೆ ಮಚ್ಚೆ. ಕಂದು ಜಾಸ್ತಿ ಇದ್ದಷ್ಟೂ ಪ್ರಯೋಗಾಲಯದವರಿಗೆ ಖುಷಿ, ಸೇರಿಸಿದ ಕೋಶ ಚೆನ್ನಾಗಿ ಹತ್ತಿಕೊಂಡಿದೆ ಅಂತ. ಆಮೇಲೆ ಸಂಬಂಧ ಕೂಡಿಸುವುದು ಶುರು. ಎರಡು ತಲೆಮಾರು ಕಳೆದ ಮೇಲೆ, ನಾಲ್ಕಕ್ಕೊಂದು ಮರಿಯಂತೆ, ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಎರಡೂ ಪ್ರತಿ ಕೆಟ್ಟ ಇಲಿ ಸಿಗುತ್ತದೆ. ಇದಕ್ಕೆ ನಾಕ್‌ಔಟ್ ಇಲಿ ಅಂತ ಹೆಸರು. ಈ ದಾರಿ ಕಂಡುಹಿಡಿದ ಮೂವರಿಗೆ 2007ರಲ್ಲಿ ನೊಬೆಲ್ ಬಂತು.

1994ರಲ್ಲಿ ಸುಡೋಫ್ ತಂಡದ ಮರಿಗಳು ಹುಟ್ಟಿದವು. ನೋಡಲು ಬೇರೆ ಮರಿಗಳ ಹಾಗೇ ಇದ್ದವು. ಎರಡು ದಿನ ತುಂಬುವುದರೊಳಗೆ ತೀರಿಕೊಂಡವು. ಅವುಗಳ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರೆ, ಥಟ್ಟನೆ ಸುರಿಯಬೇಕಾದದ್ದು ಸುರಿಯುತ್ತಲೇ ಇರಲಿಲ್ಲ. ನಿಧಾನಕ್ಕೆ ಒಸರುವುದು ಮಾತ್ರ ಉಳಿದಿತ್ತು.

ಇಷ್ಟಾದರೂ ಚೌಕಾಸಿ ಬಿಡದವರು ಇದ್ದೇ ಇರುತ್ತಾರೆ. ಫ್ಯೂಸ್ ಕಿತ್ತರೆ ದೀಪ ಆರುತ್ತದೆ ನಿಜ, ಅಷ್ಟರಿಂದ ಫ್ಯೂಸೇ ಸ್ವಿಚ್ಚು ಅಂತ ಹೇಳಲು ಆಗುತ್ತದಾ? ಅದಕ್ಕೆ 2001ರಲ್ಲಿ ಇನ್ನೊಂದು ಇಲಿ ಬಂತು, ನನಗೆ ಬಹಳ ಇಷ್ಟವಾದ ಇಲಿ. ಈ ಪ್ರೋಟೀನು 421 ಅಮೈನೋ ಆಮ್ಲಗಳ ಸರ. ಅದರಲ್ಲಿ 233ನೆಯ ಮಣಿ ಒಂದನ್ನೇ ಬದಲಿಸಿದರು. ಕ್ಯಾಲ್ಸಿಯಂ ಹಿಡಿಯುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಚೀಲ ಬಾಯಿ ಬಿಡುವಾಗ ಕ್ಯಾಲ್ಸಿಯಂಗೆ ತೋರುವ ಚುರುಕೂ ಅಷ್ಟೇ ಪಾಲು ಇಳಿಯಿತು. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದ ಹಾಗೆ. ಇಲಿಗಳು ಬದುಕಿದವು, ಮರಿಯನ್ನೂ ಹಾಕಿದವು. 2013ರ ನೊಬೆಲ್‌ನಲ್ಲಿ ಸುಡೋಫ್ ಅವರಿಗೆ ಪಾಲು ಸಿಕ್ಕಿದ್ದು ಇಂಥ ಕೆಲಸಕ್ಕೆ.

ಇನ್ನೊಂದು ಪ್ರೋಟೀನಿದೆ, ಮಂಕ್–18. ನಮ್ಮ ‘ಮಂಕು’ ನೆನಪಾಯಿತಾ? ಅದಕ್ಕೂ ಇದಕ್ಕೂ ನಂಟಿಲ್ಲ. ಸಿಡ್ನಿ ಬ್ರೆನ್ನರ್ ಅನ್ನುವವರು ಒಂದು ಮಿಲಿಮೀಟರ್ ಉದ್ದದ ಹುಳುಗಳಲ್ಲಿ ನೆಟ್ಟಗೆ ಹರಿದಾಡಲು ಬಾರದವನ್ನು ಆರಿಸಿ ‘ಅಂಕ್’ ಅಂತ ಹೆಸರಿಟ್ಟಿದ್ದರು. ಸಸ್ತನಿಗಳಲ್ಲಿ ಅದೇ ಜೀನ್ ಸಿಕ್ಕಾಗ ಮುಂದೊಂದು ‘ಮ’ ಸೇರಿಕೊಂಡಿತು. ಹೆಸರು ಮಾತ್ರ ಕನ್ನಡದಲ್ಲೇ ಚೆನ್ನಾಗಿ ಒಪ್ಪುತ್ತದೆ ಅನ್ನಿ.

2000ದಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಸುಡೋಫ್ ಜೊತೆ ಸೇರಿ ಈ ಜೀನ್ ಇಲ್ಲದ ಇಲಿ ಮಾಡಿದರು. ಅದರ ಮಿದುಳಿನಲ್ಲಿ ಮಾತುಕತೆ ಪೂರಾ ಬಂದ್. ಒಸರುವುದೂ ಇಲ್ಲ. ಮರಿ ಅಲ್ಲಾಡಲಾರದು, ಉಸಿರೆಳೆಯಲಾರದು. ತಾಯಿಯ ಹೊಟ್ಟೆಯಲ್ಲಿದ್ದಾಗ ಉಸಿರಾಡುವ ಕೆಲಸವಿಲ್ಲ, ಹಾಗಾಗಿ ಅಲ್ಲಿಯತನಕ ಬೆಳೆಯಿತು. ಹುಟ್ಟುತ್ತಲೇ ಹೋಯಿತು. ಆಶ್ಚರ್ಯ ಏನೆಂದರೆ ಮಿದುಳು ಕಟ್ಟಿಕೊಂಡಿತ್ತು! ಪದರಗಳು ಇದ್ದವು, ನರಗಳು ಹೋಗಬೇಕಾದ ಕಡೆಗೇ ಹೋಗಿದ್ದವು, ಸಂದುಗಳೂ ಮೂಡಿದ್ದವು. ಒಂದು ಮಾತೂ ಓಡಾಡದೆ ಇಡೀ ತಂತಿಜಾಲ ಎದ್ದು ನಿಂತಿತ್ತು. ಆದರೆ ಕಟ್ಟಿದ ಮೇಲೆ ಕೋಶಗಳು ಸಾಯತೊಡಗಿದ್ದವು. ಕಟ್ಟಲು ಮಾತು ಬೇಕಿಲ್ಲ, ಉಳಿಯಲು ಬೇಕು.

ಪಾಪ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸುತ್ತದೆ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬೇಕಾದದ್ದೇ.

2008ರಲ್ಲಿ ಜಪಾನಿನ ವೈದ್ಯರು, ಹುಟ್ಟಿದ ಕೆಲವೇ ವಾರಗಳಲ್ಲಿ ಫಿಟ್ಸ್ ಶುರುವಾಗುವ ಕೂಸುಗಳ ಜೀನ್ ಪರೀಕ್ಷಿಸಿದರು. ಕೆಲವರಲ್ಲಿ ಕೆಟ್ಟಿದ್ದದ್ದು ಇದೇ ಮಂಕ್–18. ಎರಡರಲ್ಲಿ ಒಂದೇ ಪ್ರತಿ ಕೆಟ್ಟಿತ್ತು, ಅಷ್ಟೇ ಸಾಕಾಗಿತ್ತು. ‘ಈ ಜೀನ್ ಏನು ಮಾಡುತ್ತೆ ಡಾಕ್ಟ್ರೇ?’ ಅಂತ ಅಪ್ಪ ಅಮ್ಮ ಕೇಳಿದರೆ ಹೇಳಲು ಉತ್ತರವಿತ್ತು. ಎಂಟು ವರ್ಷ ಹಿಂದೆ ಒಂದು ಇಲಿ ಕೊಟ್ಟ ಉತ್ತರ.

ಇಲಿ ಮನುಷ್ಯನಲ್ಲ ನಿಜ. ಅದರ ಮಿದುಳಿನಲ್ಲಿ ಸುಮಾರು 7 ಕೋಟಿ ನರಕೋಶ, ನಮ್ಮದರಲ್ಲಿ ಸುಮಾರು 8,600 ಕೋಟಿ. ಇಲಿಗೆ ಹಿಡಿಸಿದ ಔಷಧ ಮಗುವಿಗೆ ಹಿಡಿಸುತ್ತದೆ ಅನ್ನುವ ಭರವಸೆ ಇಲ್ಲ. ಆದರೂ ಈಗ ಜಾಸ್ತಿ ಸಾಕುವುದು ಒಂದೇ ಪ್ರತಿ ಕೆಟ್ಟ ಇಲಿಗಳನ್ನು, ಆ ಮಕ್ಕಳ ಹಾಗೆಯೇ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಸಿನ್‌ಗ್ಯಾಪ್–1 ಅನ್ನುವ ಜೀನಿನ ಒಂದು ಪ್ರತಿ ಇಲ್ಲದ ಇಲಿಗಳ ಮೇಲೆ ಕೆಲಸ ನಡೆದಿದೆ. ಈ ಜೀನ್ ಕೆಟ್ಟ ಮಕ್ಕಳಿಗೆ ಬುದ್ಧಿ ಬೆಳವಣಿಗೆ ಕುಂಠಿತ, ಎಷ್ಟೋ ಮಕ್ಕಳಿಗೆ ಜೊತೆಗೆ ಫಿಟ್ಸ್. ಇಂಥ ಇಲಿಮರಿಗಳಲ್ಲಿ ನರಕೋಶಗಳ ಕೂಡುಜಾಗಗಳು ಅವಧಿಗೆ ಮುಂಚೆಯೇ ಬಲಿತುಬಿಡುತ್ತವೆ, ಹೊಗೆ ಹಾಕಿ ಹಣ್ಣು ಮಾಡಿದ ಮಾವಿನಕಾಯಿಯ ಹಾಗೆ. ಮೇಲೆ ಬಣ್ಣ ಬಂದಿರುತ್ತದೆ, ಒಳಗೆ ರುಚಿ ಬಂದಿರುವುದಿಲ್ಲ. ಆ ಅವಸರವನ್ನು ತಡೆಯುವುದು ಹೇಗೆ, ಯಾವ ವಯಸ್ಸಿನ ಒಳಗೆ ತಡೆದರೆ ಉಪಯೋಗ? ಈಗ ಇಲಿಗಳನ್ನು ಕೇಳುತ್ತಿರುವ ಪ್ರಶ್ನೆ ಅದು.

ನಮಸ್ಕಾರ.