ಕೆಂಡ ಯಾಕೆ ಸುಡಲಿಲ್ಲ? ನಾಸ್ತಿಕರ ಲೆಕ್ಕ

(ದೃಶ್ಯ: ಬೆಳಗಿನ ಜಾವ. ಅಗ್ನಿಕೊಂಡ. ತಮಟೆ ಸದ್ದು. ಕ್ಯಾಮೆರಾ ನೆಲದ ಮಟ್ಟದಲ್ಲಿ, ಪಾದಗಳು ಮಾತ್ರ ಕಾಣುವಂತೆ.)

ನಿರೂಪಣೆ:
ಕೊಂಡ ಹಾಯುವವರ ಮುಖ ನೋಡಬೇಡಿ, ಪಾದ ನೋಡಿ. ಏಳೆಂಟು ಹೆಜ್ಜೆ, ಆಚೆ ಬದಿ ಬಂತು. ಒಂದೊಂದು ಹೆಜ್ಜೆಯೂ ಕೆಂಡದ ಮೇಲೆ ಇದ್ದದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. ಕಾಲಿಗೆ ಬೊಬ್ಬೆ ಇಲ್ಲ.

"ದೇವರಿಲ್ಲ ಅಂತೀರಲ್ಲ, ಇದಕ್ಕೇನಂತೀರಿ?" ನಾಸ್ತಿಕರಿಗೆ ಊರೂರಲ್ಲೂ ಸಿಗುವ ಸವಾಲು ಇದು. ನಕ್ಕು ತಳ್ಳಿಹಾಕುವಂಥದ್ದಲ್ಲ. ಕೆಂಡ ನಿಜ, ಹಾಯ್ದದ್ದು ನಿಜ, ಸುಡದಿದ್ದದ್ದೂ ನಿಜ. ಉಳಿದಿರುವುದು ಒಂದೇ ಪ್ರಶ್ನೆ: ಯಾಕೆ ಸುಡಲಿಲ್ಲ?

(ದೃಶ್ಯ: ಸೌದೆ ಒಲೆ. ಹೊರಗೆ ಬಿದ್ದ ಕೆಂಡವನ್ನು ಬೆರಳಲ್ಲಿ ಎತ್ತಿ ಒಲೆಗೆ ಎಸೆಯುವ ಕೈ.)

ಒಲೆಯಿಂದ ಹಾರಿಬಿದ್ದ ಕೆಂಡವನ್ನು ಹಳ್ಳಿಯ ಅಜ್ಜಿಯಂದಿರು ಬರಿಗೈಯಲ್ಲಿ ಎತ್ತಿ ಒಳಗೆ ಹಾಕುವುದನ್ನು ನೋಡಿರುತ್ತೀರಿ. ಅದೇ ಒಲೆಯ ಮೇಲಿನ ಕಬ್ಬಿಣದ ರೊಟ್ಟಿ ಹಂಚನ್ನು ಅವರು ಬಟ್ಟೆ ಇಲ್ಲದೆ ಮುಟ್ಟುವುದಿಲ್ಲ. ಹಂಚಿಗಿಂತ ಕೆಂಡವೇ ಎಷ್ಟೋ ಹೆಚ್ಚು ಬಿಸಿ. ಆದರೂ ಸುಡುವುದು ಹಂಚು.

ಕಾರಣ ಇಷ್ಟೇ. ಒಂದು ವಸ್ತು ಎಷ್ಟು ಬಿಸಿಯಾಗಿದೆ ಅನ್ನುವುದು ಒಂದು ವಿಷಯ. ಆ ಬಿಸಿ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ನಮ್ಮ ಚರ್ಮಕ್ಕೆ ಹರಿಯುತ್ತದೆ ಅನ್ನುವುದು ಇನ್ನೊಂದು. ಇದ್ದಿಲು ಹಗುರ, ಅದರ ತುಂಬ ಗಾಳಿಯ ತೂತು. ಕಬ್ಬಿಣ ಶಾಖವನ್ನು ಇದ್ದಿಲಿಗಿಂತ ನೂರಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ನಮ್ಮ ಅಂಗಾಲಿನ ಬಹುಪಾಲು ನೀರು. ನೀರು ಬಿಸಿಯಾಗಬೇಕಾದರೆ ತುಂಬ ಶಾಖ ಬೇಕು. ಹಾಗಾಗಿ ಪಾದ ಇಟ್ಟ ಕ್ಷಣದಲ್ಲಿ ಪಾದ ಕಾಯುವುದಕ್ಕಿಂತ ಹೆಚ್ಚಾಗಿ ಕೆಂಡದ ಮೇಲ್ಮೈಯೇ ತಣ್ಣಗಾಗುತ್ತದೆ. ವಿಡಿಯೋ ನಿಧಾನ ಮಾಡಿ ನೋಡಿ: ಹೆಜ್ಜೆ ಬಿದ್ದ ಜಾಗ ಕಪ್ಪಾಗುತ್ತದೆ, ಆಮೇಲೆ ಮತ್ತೆ ಕೆಂಪಾಗುತ್ತದೆ. ಕೆಂಡದ ಒಳಗಿನ ಬಿಸಿ ಮೇಲಕ್ಕೆ ಬರುವ ಹೊತ್ತಿಗೆ ಪಾದ ಅಲ್ಲಿಲ್ಲ. ಮೇಲೆ ಬೂದಿಯ ತೆಳು ಪದರ ಇದ್ದರೆ ಅದೂ ತಡೆಯೇ.

(ದೃಶ್ಯ: 1935, ಇಂಗ್ಲೆಂಡ್. ರೇಖಾಚಿತ್ರ.)

ಇದನ್ನು ಅಳೆದು ನೋಡಿದ್ದೂ ಇದೆ. 1935ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಪವಾಡದಂಥ ಸಂಗತಿಗಳನ್ನು ಪರೀಕ್ಷಿಸುತ್ತಿದ್ದ ಹ್ಯಾರಿ ಪ್ರೈಸ್ ಎಂಬಾತ ಕಾಶ್ಮೀರದ ಕುದಾ ಬಕ್ಷ್ ಅವರಿಂದ ಕೆಂಡ ಹಾಯಿಸಿದ. ನೋಡಲು ವಿಜ್ಞಾನಿಗಳಿದ್ದರು, ವೈದ್ಯರಿದ್ದರು, ಪಾದವನ್ನು ಮೊದಲೇ ಪರೀಕ್ಷಿಸಿದ್ದರು. ಕೆಂಡದ ಮೇಲ್ಮೈಯಲ್ಲಿ ಸುಮಾರು 430 ಡಿಗ್ರಿ ಸೆಲ್ಸಿಯಸ್, ಒಳಗೆ 1400. ಕುದಾ ಬಕ್ಷ್ ಪಾದಕ್ಕೆ ಏನೂ ಆಗಲಿಲ್ಲ. ಎರಡು ವರ್ಷ ಕಳೆದು ನಡೆದ ಪರೀಕ್ಷೆಗಳಲ್ಲಿ ವ್ರತವಿಲ್ಲದ, ಮಂತ್ರ ಗೊತ್ತಿಲ್ಲದ ಇಂಗ್ಲಿಷ್ ಹವ್ಯಾಸಿಗಳೂ ಹಾಯ್ದರು.

ಇಲ್ಲಿ ವಿಚಾರವಾದಿಗಳ ಒಂದು ತಪ್ಪನ್ನೂ ಹೇಳಬೇಕು. "ಕಾಲಿಗೆ ಲೋಳೆಸರ ಬಳಿದುಕೊಂಡಿರ್ತಾರೆ, ಏನೋ ಔಷಧ ಹಚ್ಚಿರ್ತಾರೆ" ಅಂತ ಪರೀಕ್ಷಿಸದೆ ಹೇಳುವವರು ನಮ್ಮಲ್ಲೇ ಇದ್ದಾರೆ. ಅದೂ ಒಂದು ಮೂಢನಂಬಿಕೆ. ಜತೆಗೆ, ಮೋಸ ಮಾಡದ ಭಕ್ತರ ಮೇಲೆ ಮೋಸದ ಆರೋಪ. ಕೊಂಡ ಹಾಯುವವರಲ್ಲಿ ಹೆಚ್ಚಿನವರು ಏನನ್ನೂ ಹಚ್ಚಿಕೊಳ್ಳುವುದಿಲ್ಲ, ಹಚ್ಚಿಕೊಳ್ಳುವ ಅಗತ್ಯವೂ ಇಲ್ಲ.

ನಿಜ ಹೇಳಬೇಕೆಂದರೆ ಈ ಭೌತಶಾಸ್ತ್ರ ಕೊಂಡ ಕಟ್ಟುವವರಿಗೆ ಪುಸ್ತಕವಿಲ್ಲದೆಯೇ ಗೊತ್ತು. ಸೌದೆಗೆ ಗಂಟೆಗಟ್ಟಲೆ ಮುಂಚೆಯೇ ಬೆಂಕಿ ಕೊಡುತ್ತಾರೆ. ಉರಿ ಪೂರ್ತಿ ಇಳಿಯುವವರೆಗೆ ಯಾರನ್ನೂ ಬಿಡುವುದಿಲ್ಲ. ಅರೆಬೆಂದ ಕೊಳ್ಳಿಗಳನ್ನು ಎಳೆದು ಆಚೆ ಹಾಕುತ್ತಾರೆ. ಉದ್ದನೆಯ ಗಳದಿಂದ ಕೆಂಡ ಬಡಿದು ಸಮ ಮಾಡುತ್ತಾರೆ. ಇದರಲ್ಲಿ ಯಾವುದು ತಪ್ಪಿದರೂ ಕಾಲು ಸುಡುತ್ತದೆ. ಕೆಂಡದ ರಾಶಿ ಆಳವಾಗಿದ್ದರೆ ಪಾದ ಹೂತು, ಪಾದದ ಮೇಲ್ಭಾಗದ ತೆಳು ಚರ್ಮಕ್ಕೆ ಕೆಂಡ ತಾಗುತ್ತದೆ. ಓಡಿದರೆ ಮುಂಗಾಲು ಒಳಗೆ ಇಳಿಯುತ್ತದೆ. ಬೆರಳ ಸಂದಿನಲ್ಲಿ ಸಿಕ್ಕಿಕೊಂಡ ಕೆಂಡ ಅರ್ಧ ಸೆಕೆಂಡಿಗೆ ಬಿಡುವುದಿಲ್ಲ. ಹಳೆ ಬಾಗಿಲು, ಹಲಗೆ ಸುಟ್ಟಿದ್ದರೆ ಅದರ ಮೊಳೆ ಉಳಿದಿರುತ್ತದೆ, ಮೊಳೆ ಅಂದರೆ ಕಬ್ಬಿಣ, ಅಂದರೆ ಹಂಚು. ಕಾಲು ಹಸಿಯಾಗಿದ್ದರೆ ಕೆಂಡದ ಚೂರು ಅಂಟುತ್ತದೆ. ಇನ್ನು ಹಿಂದಿನವರು ನೂಕಿ ಮುಂದಿನವರು ಮುಗ್ಗರಿಸಿದರೆ ಅಂಗೈ, ಮೊಣಕಾಲು, ಮುಖ ಎಲ್ಲವೂ ಕೆಂಡಕ್ಕೆ ಸಿಗುತ್ತವೆ. ಕೊಂಡದ ದೊಡ್ಡ ಅನಾಹುತಗಳು ಆಗುವುದು ನಡಿಗೆಯಿಂದಲ್ಲ, ಬೀಳುವುದರಿಂದ.

(ದೃಶ್ಯ: ನಕ್ಷೆ. ಚಾಮರಾಜನಗರ, ಕಲಬುರಗಿ, ಗ್ರೀಸ್, ಫಿಜಿ.)

ಈಗ ಭಕ್ತಿಯ ಭಾಗಕ್ಕೆ ಬರೋಣ. ಹಳೇ ಮೈಸೂರು ಕಡೆ ಮಾರಮ್ಮನ ಹೆಸರಲ್ಲಿ, ವೀರಭದ್ರನ ಹೆಸರಲ್ಲಿ ಕೊಂಡ. ಉತ್ತರ ಕರ್ನಾಟಕದಲ್ಲಿ ಮೊಹರಂ ಬಂದರೆ ಅಲಾಯಿ ದೇವರ ಕುಣಿಯಲ್ಲಿ, ಅಂದರೆ ಬೆಂಕಿಯ ಗುಂಡಿಯಲ್ಲಿ, ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕೆಂಡ ತುಳಿಯುತ್ತಾರೆ. ಉತ್ತರ ಗ್ರೀಸಿನಲ್ಲಿ ಕ್ರೈಸ್ತ ಸಂತ ಕಾನ್‌ಸ್ಟಂಟೈನನ ಹೆಸರಲ್ಲಿ ಮೇ 21ಕ್ಕೆ ತುಳಿಯುತ್ತಾರೆ. ಫಿಜಿಯಲ್ಲಿ ಕಾದ ಕಲ್ಲಿನ ಮೇಲೆ ನಡೆಯುತ್ತಾರೆ. ಕೊನೆಗೆ, ಯಾವ ದೇವರ ಹೆಸರೂ ಎತ್ತದೆ, ದುಡ್ಡು ಕೊಟ್ಟು "ಆತ್ಮವಿಶ್ವಾಸ ತರಬೇತಿ" ಶಿಬಿರಗಳಲ್ಲಿ ಕಂಪನಿ ನೌಕರರೂ ನಡೆಯುತ್ತಾರೆ. ಯಾರನ್ನೂ ಕೆಂಡ ಸುಡಲಿಲ್ಲವೆಂದರೆ, ಕಾಪಾಡಿದ್ದು ಇವರಲ್ಲಿ ಯಾವ ದೇವರು? ಎಲ್ಲ ಕಡೆಯೂ ಇರುವುದು ಶಾಖವನ್ನು ನಿಧಾನವಾಗಿ ಬಿಡುವ ಇದ್ದಿಲು ಇಲ್ಲವೇ ಕಲ್ಲು, ಮತ್ತು ಕಾಲಿಡುವ ಒಂದು ಕ್ಷಣ.

ಸುಟ್ಟರೆ ಏನನ್ನುತ್ತಾರೆ, ಗೊತ್ತಲ್ಲ? "ಮಡಿ ತಪ್ಪಿದ." "ಮನಸ್ಸಿನಲ್ಲಿ ಕಲ್ಮಶ ಇತ್ತು." ಸುಡದಿದ್ದರೆ ದೇವರ ಮಹಿಮೆ, ಸುಟ್ಟರೆ ಭಕ್ತನ ತಪ್ಪು. ನಾಸ್ತಿಕರ ತಕರಾರು ಇರುವುದು ಸರಿಯಾಗಿ ಈ ಜಾಗದಲ್ಲಿ. ಏನೇ ಆದರೂ ಸರಿಹೋಗುವ ವಿವರಣೆ ಏನನ್ನೂ ವಿವರಿಸುವುದಿಲ್ಲ. ನಮ್ಮ ವಿವರಣೆಯನ್ನು ಸುಳ್ಳು ಮಾಡುವುದು ಹೇಗೆ ಅಂತ ನಾವೇ ಹೇಳುತ್ತೇವೆ: ಕೆಂಡದ ಬದಲು ಅದೇ 430 ಡಿಗ್ರಿಗೆ ಕಾದ ಕಬ್ಬಿಣದ ತಗಡು ಹಾಸಿ, ಅದೇ ವ್ರತ ಮಾಡಿದ ಅದೇ ಭಕ್ತರು ಅದೇ ಏಳೆಂಟು ಹೆಜ್ಜೆ ನಡೆದು ಬೊಬ್ಬೆ ಬರದಿದ್ದರೆ, ನಾವು ಸೋತೆವು. ದಯವಿಟ್ಟು ಯಾರೂ ಮಾಡಲು ಹೋಗಬೇಡಿ. ಕಾಲು ಹೋಗುತ್ತದೆ.

(ದೃಶ್ಯ: ಬಸವನಗುಡಿ, ನ್ಯಾಷನಲ್ ಕಾಲೇಜು.)

ಕರ್ನಾಟಕದಲ್ಲಿ "ಪರೀಕ್ಷಿಸಿ ನೋಡೋಣ" ಅನ್ನುವ ಈ ಮಾತನ್ನು ಸಂಸ್ಥೆಯ ಮಟ್ಟಕ್ಕೆ ತಂದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲೂಕಿನ ಹೊಸೂರಿನವರು, ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಖಾದಿ ಬಿಡದ ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ಸಮಿತಿಯ ಹೆಸರಲ್ಲೇ "ಪರೀಕ್ಷಿಸಬಹುದಾದ ಮೂಢನಂಬಿಕೆಗಳು" ಎಂಬ ಅರ್ಥದ ಮಾತಿತ್ತು. ದೇವರಿದ್ದಾನೋ ಇಲ್ಲವೋ ಅನ್ನುವುದು ಸಮಿತಿಯ ಕೆಲಸವಾಗಿರಲಿಲ್ಲ. ಕೈಯಿಂದ ವಿಭೂತಿ ಬರುತ್ತದೆ ಅಂದರೆ, ಬರುತ್ತದೋ ಇಲ್ಲವೋ ನೋಡುವುದು ಕೆಲಸ. ಆಗ ಪಾಂಡವಪುರದ ಒಬ್ಬ ಹುಡುಗ ವಿಭೂತಿ ತರಿಸುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಸಮಿತಿ ಹೋಗಿ ನೋಡಿದಾಗ ವಿಭೂತಿ ಸಿಕ್ಕಿದ್ದು ಅವನ ಬಟ್ಟೆಯೊಳಗೆ.

ಸತ್ಯಸಾಯಿ ಬಾಬಾ ಅವರಿಗೂ ನರಸಿಂಹಯ್ಯ ಮೂರು ಪತ್ರ ಬರೆದರು: ನಮ್ಮ ಷರತ್ತುಗಳಲ್ಲಿ ಪವಾಡ ಮಾಡಿ ತೋರಿಸಿ ಎಂದು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಅದೇ ವರ್ಷ ಬ್ಲಿಟ್ಜ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳಿಗೆ ಸಿಗುವಷ್ಟೇ, ಅಧ್ಯಾತ್ಮ ಅದರಾಚೆಯದು ಎಂಬರ್ಥದಲ್ಲಿ ಮಾತಾಡಿದರು. ಆಗಲಿ, ಒಪ್ಪೋಣ. ಆದರೆ ವಿಭೂತಿ ಇಂದ್ರಿಯಕ್ಕೆ ಸಿಗುತ್ತದೆ. ಕಣ್ಣಿಗೆ ಕಾಣುತ್ತದೆ, ಹಣೆಗೆ ಹಚ್ಚಬಹುದು, ತಕ್ಕಡಿಯಲ್ಲಿ ತೂಗಬಹುದು. ಜನರನ್ನು ಸೇರಿಸಲು ಕಣ್ಣಿಗೆ ಕಾಣುವ ವಸ್ತು ಬೇಕು, ಪರೀಕ್ಷೆ ಅಂದ ಕೂಡಲೇ ಅದು ಕಣ್ಣಿನಾಚೆಗೆ ಹೋಗಬೇಕು. ಎರಡೂ ಒಟ್ಟಿಗೆ ಆಗದು.

(ದೃಶ್ಯ: ಹೊಲದ ಬದು. ಹುಲ್ಲಿನ ನಡುವೆ ಕೊಳಕುಮಂಡಲ.)

"ನಂಬಿದರೆ ನಿಮಗೇನು ನಷ್ಟ?" ಅನ್ನುವವರಿಗೆ ಹಾವಿನ ಮಂತ್ರದ ಉದಾಹರಣೆ.

ಹಾವು ಕಚ್ಚಿದವರಿಗೆ ಮಂತ್ರ ಹಾಕಿ ಬದುಕಿಸಿದ್ದೇನೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಹತ್ತಿರ ಬಂದವರಲ್ಲಿ ಹೆಚ್ಚಿನವರು ಬದುಕಿರುತ್ತಾರೆ. ಯಾಕೆಂದರೆ ನಮ್ಮ ಹೊಲ ಮನೆಗಳಲ್ಲಿ ಕಾಣುವ ಹಾವುಗಳಲ್ಲಿ ಬಹುಪಾಲು ಕೇರೆ, ನೀರುಹಾವಿನಂಥ ವಿಷವಿಲ್ಲದವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಮಂತ್ರ ಹಾಕದಿದ್ದರೂ ಇವರೆಲ್ಲ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರು ಸತ್ತರೆ "ತಡವಾಗಿ ತಂದಿರಿ". ಮತ್ತೆ ಅದೇ ಲೆಕ್ಕ: ಬದುಕಿದರೆ ಮಂತ್ರ, ಸತ್ತರೆ ವಿಧಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ನೋಡಿ. ರೋಗಿಯ ರಕ್ತ 2 ಮಿಲಿಲೀಟರ್ ತೆಗೆದು, ಶುಚಿಯಾದ, ಒಣಗಿದ ಗಾಜಿನ ಕೊಳವೆಯಲ್ಲಿ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಬಗ್ಗಿಸುತ್ತಾರೆ. ಹೆಪ್ಪುಗಟ್ಟಿಲ್ಲ, ನೀರಿನಂತೆ ಹರಿಯಿತು ಅಂದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ, ಪ್ರತಿವಿಷ ಕೊಡಬೇಕು. ಈ ಸರಳ ಪರೀಕ್ಷೆಯೂ ತಪ್ಪಬಹುದು, ಹೇಗೆ ತಪ್ಪುತ್ತದೆ ಅಂತಲೂ ಗೊತ್ತು: ಪ್ಲಾಸ್ಟಿಕ್ ಕೊಳವೆ ಬಳಸಿದರೆ, ಸೋಪಿನಲ್ಲಿ ತೊಳೆದ ಕೊಳವೆ ಬಳಸಿದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಬಡಿಯುತ್ತದೆ, ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಅದಕ್ಕೇ ರೆಪ್ಪೆ ಜೋಲುತ್ತಿದೆಯಾ, ನುಂಗಲು ಕಷ್ಟವಾ ಎಂದೂ ನೋಡುತ್ತಾರೆ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನೋಯುವುದೇ ಇಲ್ಲ, ಗಂಟೆಗಳ ನಂತರ ಉಸಿರು ನಿಲ್ಲುತ್ತದೆ. ಮಂತ್ರದ ಮನೆಯಲ್ಲಿ ಕಳೆಯುವುದು ಆ ಗಂಟೆಗಳನ್ನೇ.

ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆ, 2017ರದ್ದು, ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ, ತಾಯಿತ ಕೊಡುವುದನ್ನು ಅಪರಾಧ ಅನ್ನುತ್ತದೆ. ಪೂಜೆಯನ್ನು ಅದು ಮುಟ್ಟುವುದಿಲ್ಲ. ಈ ಗೆರೆ ಸರಿಯಾದ ಜಾಗದಲ್ಲಿದೆ ಅನ್ನುವುದು ನಮ್ಮ ಅಭಿಪ್ರಾಯ.

(ದೃಶ್ಯ: ಪೀಣ್ಯ, ಇಸ್ರೋ ನಿಯಂತ್ರಣ ಕೊಠಡಿ.)

"ಇಸ್ರೋದವರೇ ರಾಕೆಟ್ಟಿನ ಮಾದರಿ ಹಿಡಿದು ತಿರುಪತಿಗೆ ಹೋಗ್ತಾರೆ, ನೀವು ಅವರಿಗಿಂತ ಬುದ್ಧಿವಂತರಾ?" ಕಮೆಂಟಿನಲ್ಲಿ ಇದು ಬಂದೇ ಬರುತ್ತದೆ. ಹೋಗುತ್ತಾರೆ, ನಿಜ. ಚಂದ್ರಯಾನ-2 ಮೇಲೇರುವ ಮೊದಲೂ ಹೋದರು, ಚಂದ್ರಯಾನ-3ರ ಮೊದಲೂ ಹೋದರು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ನೌಕೆ ಮೆತ್ತಗೆ ಇಳಿಯಿತು. ಪೂಜೆ ಎರಡು ಸಲವೂ ಇತ್ತು. ಹಾಗಾದರೆ ವ್ಯತ್ಯಾಸ ಹುಡುಕಬೇಕಾದ್ದು ಬೇರೆ ಕಡೆ.

ಬದಲಾದದ್ದು ಇವು. ಮೊದಲ ಸಲ ಐದು ಎಂಜಿನ್ನುಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು, ತಪ್ಪು ಒಂದರ ಮೇಲೊಂದು ಸೇರುತ್ತ ಹೋಯಿತು, ನೌಕೆ ಬೇಗ ತಿರುಗಬೇಕಾದಾಗ ತಿರುಗುವ ವೇಗಕ್ಕೆ ಸಾಫ್ಟ್‌ವೇರೇ ಮಿತಿ ಹಾಕಿತ್ತು. ಇಳಿಯಲು ಗುರುತಿಸಿದ್ದ ಜಾಗ ಬರೀ 500 ಮೀಟರ್ ಉದ್ದ, ಅಷ್ಟೇ ಅಗಲ. ಎರಡನೇ ಸಲ ನಡುವಿನ ಎಂಜಿನ್ ತೆಗೆದು ನಾಲ್ಕು ಇಟ್ಟರು. ಇಂಧನ ಹೆಚ್ಚಿಸಿದರು. ಕಾಲು ಗಟ್ಟಿ ಮಾಡಿದರು. ಸೆಕೆಂಡಿಗೆ 2 ಮೀಟರಿನ ಬದಲು 3 ಮೀಟರ್ ವೇಗದಲ್ಲಿ ಇಳಿದರೂ ತಡೆಯುವಂತೆ. ನೆಲಕ್ಕೆ ಹೋಲಿಸಿ ವೇಗ ಅಳೆಯುವ ಲೇಸರ್ ಉಪಕರಣ ಸೇರಿಸಿದರು. ಇಳಿಯುವ ಜಾಗವನ್ನು ಕಿಲೋಮೀಟರುಗಳ ಲೆಕ್ಕಕ್ಕೆ ಹಿಗ್ಗಿಸಿದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಯೋಚನೆಯಲ್ಲಿ: ಎಲ್ಲ ಸರಿಯಾದರೆ ಹೇಗೆ ಇಳಿಯುತ್ತದೆ ಅನ್ನುವುದನ್ನು ಬಿಟ್ಟು, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಸಬಹುದು ಅಂತ ವಿನ್ಯಾಸ ಮಾಡಿದರು.

ವಿಕ್ರಮ್ ಬಿದ್ದಾಗ ಯಾರೂ "ಎಂಜಿನಿಯರಿನ ಮಡಿ ತಪ್ಪಿತು" ಅನ್ನಲಿಲ್ಲ. ತಿರುಪತಿಗೆ ಹೋದದ್ದು ಮನಸ್ಸಿನ ಸಮಾಧಾನಕ್ಕೆ. ಅದನ್ನು ಕಿತ್ತುಕೊಳ್ಳುವ ಉಸಾಬರಿ ನಾಸ್ತಿಕರಿಗೆ ಬೇಡ. ಭಜನೆಯನ್ನು, ಜಾತ್ರೆಯ ತೇರನ್ನು, ಸತ್ತವರ ನೆನಪಿಗೆ ಇಡುವ ಎಡೆಯನ್ನು ಪ್ರಯೋಗಾಲಯಕ್ಕೆ ತರಬೇಕಾಗಿಲ್ಲ. "ದೇವರಿಲ್ಲ ಅಂತ ಸಾಬೀತು ಮಾಡಿ" ಅಂದರೆ, ಲೋಕದಲ್ಲಿ ಯಾವ ಗುರುತನ್ನೂ ಬಿಡದ ದೇವರನ್ನು ಇಲ್ಲ ಅಂತ ತೋರಿಸಲು ಯಾರಿಂದಲೂ ಆಗುವುದಿಲ್ಲ, ಹಾಗಂತ ಇದ್ದಾನೆ ಅಂತ ಒಪ್ಪಲೂ ಅದು ಕಾರಣವಾಗುವುದಿಲ್ಲ. ಗುರುತು ಬಿಡುತ್ತಾನೆ ಅಂದಿರಾ, ತೋರಿಸಿ, ನೋಡೋಣ.

(ದೃಶ್ಯ: ಮತ್ತೆ ಕೊಂಡ. ಈಗ ಬೆಳಕು ಹರಿದಿದೆ.)

ಈ ವರ್ಷ ನಿಮ್ಮೂರಲ್ಲಿ ಕೊಂಡ ಇದ್ದರೆ, ನಮ್ಮ ಮಾತು ಕೇಳಿ ಯಾರೂ ನಿಲ್ಲಿಸುವುದಿಲ್ಲ ಅಂತ ಗೊತ್ತು. ಹಾಗಾಗಿ ಇಷ್ಟು ಮಾಡಿ. ಮಕ್ಕಳನ್ನು ಎತ್ತಿಕೊಂಡು ಹಾಯಲು ಬಿಡಬೇಡಿ. ಒಬ್ಬರು ಆಚೆ ಮುಟ್ಟುವವರೆಗೆ ಇನ್ನೊಬ್ಬರನ್ನು ಇಳಿಸಬೇಡಿ. ಎರಡೂ ತುದಿಯಲ್ಲಿ ಡ್ರಮ್ಮಿನಲ್ಲಿ ನೀರು, ಮಗ್ಗು ಇರಲಿ. ಸುಟ್ಟರೆ ಗಾಯಕ್ಕೆ 20 ನಿಮಿಷ ತಣ್ಣೀರು ಸುರಿಯುತ್ತಿರಬೇಕು. ಐಸ್ ಬೇಡ, ಅರಿಶಿನ ಬೇಡ, ಟೂತ್‌ಪೇಸ್ಟ್ ಬೇಡ, ವಿಭೂತಿಯೂ ಬೇಡ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಮೊದಲೇ ಫೋನ್ ಮಾಡಿ.